ಹದಿನೆಂಟು ತುಂಬಿದ ಮರುದಿನ

ಹದಿನೆಂಟು ತುಂಬಿತೆಂದು ನಮ್ಮ ನಿಮ್ಮ ಮನೆಗಳಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ವೋಟರ್ ಐಡಿಗೆ ಅರ್ಜಿ ಹಾಕಿಸುತ್ತೇವೆ. ಲೈಸೆನ್ಸ್ ಮಾಡಿಸದೆ ಬೈಕ್ ಮುಟ್ಟಬೇಡ ಎಂದು ಗದರುತ್ತೇವೆ. ಊಟ ಅದೇ ಅಡುಗೆಮನೆಯದು, ಕಾಲೇಜು ಫೀಸು ಅದೇ ಅಪ್ಪನ ಜೇಬಿನದು. ಬಾಲಮಂದಿರದಲ್ಲಿ ಬೆಳೆದ ಹುಡುಗನಿಗೆ ಆ ಹುಟ್ಟುಹಬ್ಬ ಬೇರೆ ರೀತಿ ಬರುತ್ತದೆ. ಕಾನೂನಿನ ಲೆಕ್ಕದಲ್ಲಿ ಆತ ಇನ್ನು ಮಗುವಲ್ಲ. ಮಕ್ಕಳಿಗೆಂದು ಇರುವ ಮನೆಯಿಂದ ಟ್ರಂಕು ಎತ್ತಿಕೊಂಡು ಹೊರಡಬೇಕು. ಎಲ್ಲಿಗೆ?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ, ಯೋಜನೆಗಳೂ ಇವೆ. ಗೊತ್ತಿರುವವರು ಕಡಿಮೆ, ಅಷ್ಟೆ. ಬಾಲಮಂದಿರದ ಮಕ್ಕಳಿಗೆ ಮಾತ್ರವಲ್ಲ, ಅಪ್ಪ ತೀರಿಕೊಂಡು ಅಮ್ಮ ಒಬ್ಬಳೇ ದುಡಿಯುವ ಮನೆ, ಅಜ್ಜಿಯ ಪಿಂಚಣಿಯಲ್ಲಿ ನಡೆಯುವ ಮನೆ, ತಂದೆ ಹಾಸಿಗೆ ಹಿಡಿದಿರುವ ಮನೆ, ಇಂಥ ಮನೆಗಳ ಮಕ್ಕಳಿಗೂ ನೆರವು ಇದೆ. ಅದು ಏನು, ಹೇಗೆ ನಡೆಯುತ್ತದೆ, ಎಷ್ಟು ಸಿಗುತ್ತದೆ, ಯಾರನ್ನು ಕೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಒಂದು ಮೂಲ ಪ್ರಶ್ನೆ.

ಏನು ಸಿಕ್ಕರೆ ಇಂಥ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ?

ಹವಾಯಿಯಲ್ಲಿ ಕವಾಯಿ ಎಂಬ ಸಣ್ಣ ದ್ವೀಪವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆಯಲ್ಲಿ ಜಗಳ, ತಂದೆತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟಗಳು ಒಟ್ಟಿಗೇ ಮೈಮೇಲೆ ಬಿದ್ದಿದ್ದ ಮಕ್ಕಳನ್ನು ಅವರು ಬೇರೆಯಾಗಿ ಗುರುತಿಸಿಕೊಂಡಿದ್ದರು. ಅಂಥವರಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದರು. ಓದಿದರು, ಕೆಲಸ ಹಿಡಿದರು, ಸಂಸಾರ ನಡೆಸಿದರು. ಇವರಿಗೆ ಮಾತ್ರ ಇದು ಹೇಗೆ ಸಾಧ್ಯವಾಯಿತು ಎಂದು ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಒಂದು ತೀರಾ ಸರಳ. ಅವರ ಪಾಲಿಗೆ ಯಾರೋ ಒಬ್ಬ ದೊಡ್ಡವರು ಗಟ್ಟಿಯಾಗಿ ನಿಂತಿದ್ದರು. ಅಪ್ಪ ಅಮ್ಮನೇ ಆಗಬೇಕೆಂದಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಶಾಲೆಯ ಮೇಷ್ಟ್ರು, ಯಾರಾದರೂ ಸರಿ.

ಇದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಹದಿಹರೆಯದಲ್ಲಿ ಎಡವಿದವರಲ್ಲಿ ಅನೇಕರು ಮೂವತ್ತರ ಹೊತ್ತಿಗೆ ಎದ್ದು ನಿಂತಿದ್ದರು. ಮತ್ತೆ ಓದುವ ಅವಕಾಶ, ಒಂದು ಭದ್ರವಾದ ಕೆಲಸ, ಒಳ್ಳೆಯ ಸಂಗಾತಿ ಸಿಕ್ಕಿದ್ದು ಅದಕ್ಕೆ ಕಾರಣ. ಹದಿನಾರು ವರ್ಷದ ಹುಡುಗನನ್ನು ತೋರಿಸಿ "ಇವನ ಕಥೆ ಮುಗೀತು ಬಿಡಿ" ಎಂದು ಷರಾ ಬರೆಯುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಇದನ್ನು ಹೇಳಬೇಕು.

ಆ ದೊಡ್ಡವರು ಎಷ್ಟು ದಿನ ನಿಲ್ಲಬೇಕು? ಇದಕ್ಕೂ ಉತ್ತರ ಇದೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಹಳೆಯ ಕಾರ್ಯಕ್ರಮವಿದೆ. ಆಸರೆ ಬೇಕಾದ ಮಗುವಿಗೆ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಜೊತೆಮಾಡುತ್ತಾರೆ. ಇಂಥವರಿಗೆ ಮೆಂಟರ್ ಎನ್ನುತ್ತಾರೆ, ಅಂದರೆ ಒಡನಾಡಿ ಮಾರ್ಗದರ್ಶಿ. ಅಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಒಳ್ಳೆಯ ಪ್ರಯೋಜನವಾಯಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟ ಕಡೆ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತು. ಮೊದಲೇ ಒಮ್ಮೆ ಬಿಟ್ಟುಹೋದವರನ್ನು ಕಂಡಿರುವ ಮಗು ಅದು. ಮತ್ತೊಬ್ಬರು ಬಂದು ಮತ್ತೆ ಬಿಟ್ಟುಹೋದರೆ ಏನಾಗುತ್ತದೆಂದು ಊಹಿಸಲು ಅಧ್ಯಯನವೂ ಬೇಕಿಲ್ಲ.

ಅಮೆರಿಕದ್ದೇ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಇಲಿನಾಯ್ ರಾಜ್ಯದಲ್ಲಿ ಸರ್ಕಾರದ ಪಾಲನೆಯ ಮಕ್ಕಳು 21ರವರೆಗೆ ಅಲ್ಲೇ ಉಳಿಯಬಹುದಿತ್ತು. ನೆರೆಯ ಅಯೋವಾ, ವಿಸ್ಕಾನ್ಸಿನ್‌ಗಳಲ್ಲಿ ಸಾಮಾನ್ಯವಾಗಿ 18ಕ್ಕೇ ಹೊರಗೆ. ಮೂರೂ ಕಡೆಯ 732 ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ, 21ರವರೆಗೆ ಉಳಿಯುವ ಅವಕಾಶ ಇದ್ದವರು ಕಾಲೇಜು ಮೆಟ್ಟಿಲು ಹತ್ತಿದ್ದು ಹೆಚ್ಚು. ಆ ದೇಶ 2008ರಲ್ಲಿ ಕಾನೂನನ್ನೇ ಬದಲಿಸಿ, 21ರವರೆಗೆ ಪಾಲನೆ ಮುಂದುವರಿಸುವ ರಾಜ್ಯಗಳಿಗೆ ಕೇಂದ್ರದ ಹಣ ಕೊಡಲು ಒಪ್ಪಿತು.

ಒಟ್ಟಿನಲ್ಲಿ ಬಿಟ್ಟುಹೋಗದ ಒಬ್ಬ ಮನುಷ್ಯ ಬೇಕು, ಹದಿನೆಂಟಕ್ಕೇ ಮುಗಿಯದ ಕಾಲಾವಕಾಶ ಬೇಕು. ನಮ್ಮ ಸರ್ಕಾರದ ಯೋಜನೆಗಳಲ್ಲಿ ಇವೆರಡೂ ಕಾಗದದ ಮೇಲಿವೆ. ಕಾಗದದಿಂದ ಮಗುವಿನವರೆಗೆ ತಲುಪಿಸುವ ಕೆಲಸದಲ್ಲಿ ನಿಮಗೂ ಪಾತ್ರವಿದೆ.

ಮೊದಲು ಯಾರ ಬಳಿ ಹೋಗಬೇಕು?

ಈ ವಿಷಯದ ಮುಖ್ಯ ಕಾನೂನು 2015ರ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ. ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅದರಡಿ ಹಣ ಬರುವುದು ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯಿಂದ. ಇಷ್ಟು ನೆನಪಿಟ್ಟರೆ ಕಾನೂನಿನ ಪಾಠ ಸಾಕು. ಇನ್ನು ಕೆಲಸಕ್ಕೆ ಬರುವ ಮೂರು ವಿಳಾಸ.

ಒಂದು, 1098. ಇದು ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ. ಮಗುವೇ ಕರೆ ಮಾಡಬಹುದು, ನೀವೂ ಮಾಡಬಹುದು. "ನಾನು ಹೇಳಿದ್ದು ಎಂದು ಗೊತ್ತಾದರೆ ಊರಲ್ಲಿ ಜಗಳವಾಗುತ್ತದೆ" ಎಂಬ ಹೆದರಿಕೆ ಇದ್ದರೆ ಹೆಸರು ಗುಟ್ಟಾಗಿಡಿ ಎಂದು ಆರಂಭದಲ್ಲೇ ಹೇಳಿ.

ಎರಡು, ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಆಸರೆ ಬೇಕಾದ ಮಗು ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಇವರದು. ಕೋರ್ಟಿನಂತೆ ಆದೇಶ ಕೊಡುತ್ತಾರೆ. ಆದರೆ ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ.

ಮೂರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಜಿಲ್ಲಾ ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಕೆಲಸ ಮಾಡುತ್ತದೆ. ಅರ್ಜಿ ತೆಗೆದುಕೊಳ್ಳುವುದು, ಮನೆಗೆ ಬಂದು ನೋಡುವುದು, ಹಣ ಬಿಡುಗಡೆ ಮಾಡಿಸುವುದು, ಎಲ್ಲ ಇವರದೇ ಕೆಲಸ. ಜಿಲ್ಲಾ ಕೇಂದ್ರ ದೂರವಾದರೆ ಮೊದಲು ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. ಯಾವ ಮನೆಯಲ್ಲಿ ಏನು ಕಷ್ಟ ಎಂಬುದು ಯಾವ ಕಚೇರಿಗಿಂತಲೂ ಹೆಚ್ಚಾಗಿ ಆಕೆಗೆ ಗೊತ್ತಿರುತ್ತದೆ.

ಮನೆಯಲ್ಲೇ ಇದ್ದು ಓದುವ ಮಗುವಿಗೆ: ಪ್ರಾಯೋಜಕತ್ವ

ಇಂಗ್ಲಿಷಿನಲ್ಲಿ ಸ್ಪಾನ್ಸರ್‌ಶಿಪ್. ಬಡತನದ ಕಾರಣಕ್ಕೆ ಮಗು ಮನೆ ಬಿಟ್ಟು ಸಂಸ್ಥೆ ಸೇರುವಂತಾಗಬಾರದು, ಶಾಲೆ ಬಿಡುವಂತಾಗಬಾರದು ಎಂದು ಕೊಡುವ ಮಾಸಿಕ ನೆರವು ಇದು. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹೆಚ್ಚೆಂದರೆ 18 ವರ್ಷದವರೆಗೆ ಸಿಗುತ್ತದೆ.

ಯಾರಿಗೆ? ತಾಯಿ ವಿಧವೆಯಾಗಿದ್ದರೆ, ವಿಚ್ಛೇದನವಾಗಿದ್ದರೆ, ಗಂಡ ಬಿಟ್ಟುಹೋಗಿದ್ದರೆ ಆ ಮಕ್ಕಳಿಗೆ. ತಂದೆತಾಯಿ ಇಬ್ಬರೂ ಇಲ್ಲದೆ ಅಜ್ಜಿ ತಾತ, ಮಾವ ಅತ್ತೆಯರ ಮನೆಯಲ್ಲಿರುವ ಮಕ್ಕಳಿಗೆ. ತಂದೆ ಅಥವಾ ತಾಯಿಗೆ ಜೀವಕ್ಕೇ ಅಪಾಯವಿರುವ ಕಾಯಿಲೆ ಇದ್ದರೆ, ಅಪಘಾತದಿಂದ ದುಡಿಯಲಾಗದಂತಾಗಿದ್ದರೆ ಅಂಥವರ ಮಕ್ಕಳಿಗೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000 ರೂಪಾಯಿ, ಪಟ್ಟಣದಲ್ಲಾದರೆ 96,000 ರೂಪಾಯಿ ಮೀರಿರಬಾರದು. ಈ ಮಿತಿ ತೀರಾ ಕಡಿಮೆಯಾಯಿತು ಎಂಬುದು ನನ್ನ ಅಭಿಪ್ರಾಯ. ಗಾರೆ ಕೆಲಸಕ್ಕೆ ಹೋಗುವ ತಾಯಿ ಪ್ರತಿ ತಿಂಗಳೂ ಪೂರ್ತಿ ದುಡಿದರೆ ಈ ಗೆರೆ ದಾಟಿಬಿಡುತ್ತಾಳೆ. ದಾಟಿದ ಮಾತ್ರಕ್ಕೆ ಅವಳ ಕಷ್ಟವೇನೂ ತೀರಿರುವುದಿಲ್ಲ.

ಅರ್ಜಿ ಹೇಗೆ? ಒಬ್ಬ ಅಜ್ಜಿ ಎಂಟನೇ ತರಗತಿಯ ಮೊಮ್ಮಗಳಿಗಾಗಿ ಅರ್ಜಿ ಹಾಕುತ್ತಿದ್ದಾರೆ ಎಂದುಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರಲ್ಲಿ ಇಬ್ಬರದೂ ಆಧಾರ್, ರೇಷನ್ ಕಾರ್ಡ್, ಮಗ ಮತ್ತು ಸೊಸೆಯ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಮಗುವಿನ ಫೋಟೊ ಇರಬೇಕು. ಇವುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಎರಡು. ಒಂದು, ಮರಣ ಪ್ರಮಾಣಪತ್ರ. ಊರಲ್ಲಿ ಸತ್ತವರ ಹೆಸರನ್ನು ನೋಂದಾಯಿಸುವುದು ಎಷ್ಟೋ ಮನೆಗಳಲ್ಲಿ ಮರೆತೇ ಹೋಗಿರುತ್ತದೆ. ಇನ್ನೊಂದು, ಹೆಸರಿನ ಕಾಗುಣಿತ. ಶಾಲೆಯಲ್ಲಿ 'ಲಕ್ಷ್ಮಿ', ಆಧಾರ್‌ನಲ್ಲಿ 'ಲಕ್ಷ್ಮೀದೇವಿ', ಪಾಸ್‌ಬುಕ್‌ನಲ್ಲಿ 'ಲಕ್ಷ್ಮಮ್ಮ' ಇದ್ದರೆ ಹಣ ಖಾತೆಗೆ ಇಳಿಯುವಾಗ ತಡೆಯಾಗುತ್ತದೆ. ಅರ್ಜಿಗೂ ಮೊದಲು ಇದನ್ನು ಸರಿಪಡಿಸಿಕೊಳ್ಳಿ.

ಅರ್ಜಿ ಕೊಟ್ಟ ಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಮನೆ ಹೇಗಿದೆ, ಮಗು ಎಲ್ಲಿ ಓದಿಕೊಳ್ಳುತ್ತದೆ, ಯಾರು ನೋಡಿಕೊಳ್ಳುತ್ತಾರೆ ಎಂದು ನೋಡಿ ವರದಿ ಬರೆಯುತ್ತಾರೆ. ಆಗ ಮನೆ ಚೆನ್ನಾಗಿ ಕಾಣಲಿ ಎಂದು ಪಕ್ಕದ ಮನೆಯಿಂದ ಟೀವಿ ತಂದಿಡುವುದೂ ಬೇಡ, ಇರುವುದನ್ನು ಅಡಗಿಸುವುದೂ ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ. ಆ ವರದಿ ಜಿಲ್ಲಾ ಮಟ್ಟದ ಅನುಮೋದನಾ ಸಮಿತಿಯ ಮುಂದೆ ಹೋಗುತ್ತದೆ. ಒಪ್ಪಿಗೆಯಾದರೆ ಹಣ ನೇರವಾಗಿ ಖಾತೆಗೆ ಬರುತ್ತದೆ. ಮಗು ಶಾಲೆಗೆ ಹೋಗುತ್ತಿರಬೇಕು ಎಂಬುದು ಷರತ್ತು. ಅರ್ಜಿಗೆ ಶುಲ್ಕವಿಲ್ಲ. ಖರ್ಚು ಎಂದರೆ ಬಸ್ ಚಾರ್ಜು, ಜೆರಾಕ್ಸ್, ನಾಡಕಚೇರಿಯ ಸಣ್ಣ ಶುಲ್ಕ. "ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ.

ಕೋವಿಡ್‌ನಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ ಆಗಲೇ ನೋಂದಣಿಯಾದವರ ಲೆಕ್ಕ ಬೇರೆ. ಅವರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ಇದೆ. 18ರಿಂದ 23ರವರೆಗೆ ಪ್ರತಿ ತಿಂಗಳೂ ಸ್ಟೈಪೆಂಡ್, ಅಂದರೆ ಖರ್ಚಿನ ಹಣ, ಸಿಗುತ್ತದೆ. 23 ತುಂಬಿದಾಗ 10 ಲಕ್ಷ ರೂಪಾಯಿ ಕೈಗೆ ಬರುತ್ತದೆ. ಆ ವಯಸ್ಸಿಗೆ ಬಂದವರು ಇದ್ದರೆ ಒಮ್ಮೆ ವಿಚಾರಿಸಲು ಹೇಳಿ.

ಇರಲು ಮನೆಯೇ ಇಲ್ಲದಿದ್ದರೆ

ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಪುಟ್ಟ ಮಕ್ಕಳ ಮೇಲೆ ಒಂದು ಅಧ್ಯಯನ ನಡೆದಿತ್ತು. ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಕುಟುಂಬಗಳ ಮಡಿಲಿಗೆ ಹಾಕಿದರು. ಅವರ ಬುದ್ಧಿಯ ಬೆಳವಣಿಗೆ, ಇತರರನ್ನು ನಂಬುವ ಗುಣ, ಎರಡೂ ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಲಾಭ ಇನ್ನೂ ಹೆಚ್ಚು. ನಮ್ಮ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಎಂದೇ ಹೇಳುತ್ತದೆ.

ಹಾಗಾಗಿ ಫಾಸ್ಟರ್ ಕೇರ್ ಎಂಬ ವ್ಯವಸ್ಥೆ ಇದೆ. ಸ್ವಂತ ಸಂಬಂಧವಿಲ್ಲದ ಕುಟುಂಬವೊಂದು ಮಗುವನ್ನು ಕೆಲವು ಕಾಲ ತನ್ನ ಮನೆಯಲ್ಲಿಟ್ಟು ಸಾಕುವುದು. ಇದು ದತ್ತು ಅಲ್ಲ. ಮಗುವಿನ ಕಾನೂನುಬದ್ಧ ಸಂಬಂಧ ಬದಲಾಗುವುದಿಲ್ಲ, ಆಸ್ತಿಯ ಪ್ರಶ್ನೆ ಏಳುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕೇ ಬೇಕು. ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. 2024ರ ಮಾರ್ಗಸೂಚಿಯ ನಂತರ ಮದುವೆಯಾಗದವರೂ, ಒಂಟಿಯಾಗಿರುವವರೂ ಮಗುವನ್ನು ತೆಗೆದುಕೊಳ್ಳಬಹುದು. ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು, ಒಂಟಿ ಪುರುಷ ಗಂಡು ಮಗುವನ್ನು ಮಾತ್ರ. "ನಮ್ಮ ಮನೆ ಖಾಲಿ ಇದೆ" ಎನ್ನುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಒಮ್ಮೆ ಕೇಳಿ ನೋಡಿ.

ಮನೆ ಸಿಗದ ಮಗು ಬಾಲಮಂದಿರಕ್ಕೆ ಬರುತ್ತದೆ. ಅಲ್ಲಿ ಪ್ರತಿ ಮಗುವಿಗೂ ಒಂದು ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು ಎಂಬ ನಿಯಮವಿದೆ. ನಮೂನೆ 7 ಅಂತ ಅದಕ್ಕೊಂದು ಫಾರಂ ಇದೆ. ಆರೋಗ್ಯ, ಓದು, ಮನಸ್ಸಿನ ಸ್ಥಿತಿ, ಸ್ನೇಹ, ಮುಂದೆ ಏನಾಗಬೇಕೆಂಬ ಆಸೆ, ಎಲ್ಲದಕ್ಕೂ ಅದರಲ್ಲಿ ಜಾಗವಿದೆ. ಈ ಫಾರಂ ಅನ್ನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿದ್ದರೆ ಅರ್ಧ ಕೆಲಸ ಆದಂತೆ. ಎಲ್ಲರ ಫಾರಂನಲ್ಲೂ "ಚೆನ್ನಾಗಿ ಓದಬೇಕು, ಸ್ವಾವಲಂಬಿಯಾಗಬೇಕು" ಎಂದು ಒಂದೇ ಸಾಲು ಇದ್ದರೆ ಮಗುವನ್ನು ಯಾರೂ ಕೇಳಿಯೇ ಇಲ್ಲ ಎಂದು ತಿಳಿಯಿರಿ.

ಹದಿನೆಂಟರ ನಂತರ: ಆಫ್ಟರ್ ಕೇರ್

ಈಗ ಟ್ರಂಕಿನ ಹುಡುಗನ ವಿಷಯಕ್ಕೆ ಬರೋಣ. ಕಾಯ್ದೆಯ 46ನೇ ಕಲಂ ಹೇಳುವುದು ಇಷ್ಟು: ಸಂಸ್ಥೆಯಿಂದ ಹೊರಬರುವವರನ್ನು ಸಮಾಜದಲ್ಲಿ ನೆಲೆ ನಿಲ್ಲಿಸಲು ಹಣದ ನೆರವು ಕೊಡಬಹುದು. ಇದಕ್ಕೆ ಆಫ್ಟರ್ ಕೇರ್, ಅಂದರೆ ಅನುಪಾಲನೆ, ಎನ್ನುತ್ತಾರೆ. ಸಾಮಾನ್ಯವಾಗಿ 18ರಿಂದ 21 ವರ್ಷದವರೆಗೆ. ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ. ಮಿಷನ್ ವಾತ್ಸಲ್ಯದಲ್ಲಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ.

ಬರೀ ಹಣ ಅಲ್ಲ. ನಿಯಮಗಳಲ್ಲಿ ಇನ್ನೂ ಹಲವು ಇವೆ. ಆರರಿಂದ ಎಂಟು ಜನ ಒಟ್ಟಾಗಿ ಬಾಡಿಗೆ ಮನೆಯಲ್ಲಿ ಇರುವ ಏರ್ಪಾಡು. ವೃತ್ತಿ ತರಬೇತಿಯ ಸಮಯದಲ್ಲಿ ಸ್ಟೈಪೆಂಡ್. ಸಂಪರ್ಕದಲ್ಲಿರುವ ಒಬ್ಬ ಆಪ್ತಸಮಾಲೋಚಕರು. ಸ್ವಂತ ಉದ್ಯೋಗಕ್ಕೆ ಸಾಲ ಕೊಡಿಸಲು ನೆರವು. ಮಗು ಸಂಸ್ಥೆ ಬಿಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಸಿದ್ಧವಾಗಿರಬೇಕು ಎಂದೂ ನಿಯಮವಿದೆ.

ಎರಡು ತಿಂಗಳು ಸಾಲದು ಎನ್ನುವುದು ನನ್ನ ವಾದ. ತಯಾರಿ ಹದಿನೈದು, ಹದಿನಾರಕ್ಕೇ ಶುರುವಾಗಬೇಕು. ಯಾಕೆಂದರೆ ಸಂಸ್ಥೆಯಲ್ಲಿ ಬೆಳೆದ ಮಗುವಿಗೆ ನಮ್ಮ ಮಕ್ಕಳು ನೋಡುನೋಡುತ್ತಲೇ ಕಲಿಯುವ ಎಷ್ಟೋ ವಿಷಯಗಳು ಗೊತ್ತಿರುವುದಿಲ್ಲ. ಐವತ್ತು ಜನರಿಗೆ ಸಾಂಬಾರು ಬಡಿಸಲು ಬರುತ್ತದೆ, ಇಬ್ಬರಿಗೆ ಅನ್ನಕ್ಕೆ ಎಷ್ಟು ಅಕ್ಕಿ ಎಂದು ತಿಳಿಯದು. ಸಿಲಿಂಡರ್ ಬದಲಿಸಿ ಗೊತ್ತಿಲ್ಲ. ಅಂಗಡಿಯವನ ಹತ್ತಿರ ಚೌಕಾಸಿ ಮಾಡಿಲ್ಲ. ಬೆಳಿಗ್ಗೆ ಗಂಟೆ ಬಾರಿಸಿದಾಗ ಎದ್ದು ಅಭ್ಯಾಸ. ತಾನಾಗಿ ಅಲಾರಂ ಇಟ್ಟುಕೊಂಡು ಏಳುವುದು ಹೊಸದು. ತಿಂಗಳ ಹಣ ಒಂದೇ ದಿನ ಕೈಗೆ ಬಂದರೆ ಅದನ್ನು ಮೂವತ್ತು ದಿನಕ್ಕೆ ಹಂಚುವುದು ದೊಡ್ಡವರಿಗೇ ಕಷ್ಟ.

ಆಮೇಲೆ ಬಾಡಿಗೆ ಮನೆ. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಈ ಸಂಭಾಷಣೆ ಗೊತ್ತು.

"ಅಪ್ಪ ಏನು ಮಾಡ್ತಾರಪ್ಪ?"

"ಇಲ್ಲ, ಸರ್."

"ಅಮ್ಮ? ಸ್ವಂತ ಊರು ಯಾವುದು? ಅಡ್ವಾನ್ಸ್ ಯಾರು ಕೊಡ್ತಾರೆ?"

ಮೂರನೇ ಪ್ರಶ್ನೆಗೆ ಬರುವ ಹೊತ್ತಿಗೆ ಹುಡುಗ ಗೇಟಿನ ಹೊರಗೆ ಇರುತ್ತಾನೆ. ಪಿ.ಜಿ.ಯಲ್ಲೂ ಫಾರಂನಲ್ಲಿ ತುರ್ತು ಸಂಪರ್ಕ ಎಂಬ ಖಾಲಿ ಜಾಗ ಇರುತ್ತದೆ. ಅಲ್ಲಿ ಬರೆಯಲು ಒಂದು ಹೆಸರು, ಒಂದು ಫೋನ್ ನಂಬರ್ ಬೇಕು. ರಾತ್ರಿ ಹತ್ತಕ್ಕೆ ಕರೆ ಬಂದರೂ ಎತ್ತುವವರ ನಂಬರ್. ಮೇಲೆ ಹೇಳಿದ ಗಟ್ಟಿಯಾಗಿ ನಿಂತ ದೊಡ್ಡವರು ಎಂದರೆ ದಿನನಿತ್ಯದ ಬದುಕಿನಲ್ಲಿ ಇದೇ.

"ಪೊಲೀಸ್ ಕೇಸಾಗಿ ವೀಕ್ಷಣಾಲಯದಲ್ಲಿದ್ದ ಹುಡುಗನಿಗೂ ಇದು ಸಿಗುತ್ತದಾ?" ಎಂದು ಕೆಲವರು ಕೇಳುತ್ತಾರೆ. ಸಿಗುತ್ತದೆ. ಅಷ್ಟೇ ಅಲ್ಲ, ಕಾಯ್ದೆಯ 24ನೇ ಕಲಂ ಪ್ರಕಾರ, ಬಾಲ್ಯದಲ್ಲಿ ಮಾಡಿದ ತಪ್ಪಿನ ಕಾರಣಕ್ಕೆ ಆತ ಮುಂದೆ ಯಾವುದಕ್ಕೂ ಅನರ್ಹನಾಗುವುದಿಲ್ಲ. ಘೋರ ಅಪರಾಧದಲ್ಲಿ 16 ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡಿದ ಪ್ರಕರಣಗಳು ಮಾತ್ರ ಇದಕ್ಕೆ ಹೊರತು. ಹಾಗೆಯೇ ಇಂಥ ಮಕ್ಕಳ ಹೆಸರು, ಫೋಟೊ, ಶಾಲೆಯ ಗುರುತು ಪ್ರಕಟಿಸುವುದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವಾಟ್ಸಾಪ್ ಗ್ರೂಪಿನಲ್ಲಿ "ಪಾಪ, ಈ ಮಗುವಿಗೆ ಸಹಾಯ ಮಾಡಿ" ಎಂದು ಫೋಟೊ ಹಂಚುವವರೂ ಇದನ್ನು ಓದಿಕೊಳ್ಳಲಿ.

ಕೈಯಲ್ಲಿರಬೇಕಾದ ಕಾಗದಗಳು

ಹೊರಡುವ ದಿನ ಟ್ರಂಕಿನಲ್ಲಿ ಬಟ್ಟೆಗಿಂತ ಮುಖ್ಯವಾಗಿ ಒಂದು ಫೈಲ್ ಇರಬೇಕು. ಜನನ ಪ್ರಮಾಣಪತ್ರ, ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್, ಆಧಾರ್, ಆರೋಗ್ಯದ ದಾಖಲೆ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿ. ಎಲ್ಲವೂ ಮೂಲಪ್ರತಿ. ಸಂಸ್ಥೆಯ ಕಚೇರಿಯ ಬೀರುವಿನಲ್ಲಿ ಮೂಲಪ್ರತಿ ಉಳಿದುಬಿಟ್ಟು ಹುಡುಗಿ ಬರೀ ಜೆರಾಕ್ಸ್ ಹಿಡಿದು ಅಲೆಯುವಂತಾಗಬಾರದು.

ಆಧಾರ್ ಬಗ್ಗೆ ಒಂದು ಮಾತು. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತನ್ನು ಹೊಸದಾಗಿ ಕೊಡಬೇಕು. 15ರಿಂದ 17ರೊಳಗೆ ಮಾಡಿಸಿದರೆ ಉಚಿತ. ಮಾಡಿಸದಿದ್ದರೆ ಪರೀಕ್ಷೆ, ಸ್ಕಾಲರ್‌ಶಿಪ್, ಸಿಮ್ ಕಾರ್ಡ್, ಎಲ್ಲ ಕಡೆ ತೊಂದರೆ. ಜೊತೆಗೆ ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಮಗುವಿನದೇ ಇರಲಿ. ವಾರ್ಡನ್ ನಂಬರ್ ಜೋಡಿಸಿದ್ದರೆ ಒಟಿಪಿ ಅವರಿಗೆ ಹೋಗುತ್ತದೆ. ಅವರಿಗೆ ವರ್ಗವಾದರೆ ಒಟಿಪಿಯೂ ವರ್ಗವಾದಂತೆ.

ಓದು, ಕೆಲಸ, ಮನಸ್ಸು

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಮಗುವನ್ನು ಮೊದಲು ಗಮನಿಸಿ. ಕೈತಪ್ಪಿ ಹೋಗುವುದು ಹೆಚ್ಚಾಗಿ ಆಗಲೇ. ಈಗ ಕರ್ನಾಟಕದಲ್ಲಿ ಒಂದೇ ವರ್ಷದಲ್ಲಿ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಶಾಲೆಗೆ ಮರಳಲು ಮನಸ್ಸಿಲ್ಲದವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್, ಇದೆ. 14 ತುಂಬಿದ್ದರೆ ಹತ್ತನೇ ತರಗತಿಗೆ ನೋಂದಾಯಿಸಬಹುದು. ಕಾಲೇಜಿಗೆ ಹೋಗುವವರು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಸೇರುವ ವಾರದಲ್ಲಿ ನೋಡಿಕೊಂಡರಾಯಿತು ಎಂದು ಕೂತರೆ ಕೊನೆ ದಿನಾಂಕ ಮುಗಿದಿರುತ್ತದೆ.

ಕೆಲಸ ಕಲಿಯುವವರಿಗೆ ಐಟಿಐ ಇದೆ, ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಇದೆ. ಇಲ್ಲೊಂದು ತಕರಾರು ಇದೆ. ಸಂಸ್ಥೆಯ ಹುಡುಗಿಯರಿಗೆ ಟೈಲರಿಂಗ್, ಹುಡುಗರಿಗೆ ಮೊಬೈಲ್ ರಿಪೇರಿ ಎಂದು ಮೊದಲೇ ತೀರ್ಮಾನಿಸಿಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಹೊಲಿಗೆ ಒಳ್ಳೆಯ ಕಸುಬು. ಆದರೆ ಅದು ಹುಡುಗಿಯ ಆಯ್ಕೆಯಾಗಿರಬೇಕು. ಕೋರ್ಸ್ ಸೇರಿಸುವ ಮೊದಲು ಆ ಕೆಲಸ ನಡೆಯುವ ಜಾಗಕ್ಕೆ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಫೌಂಡ್ರಿಯ ಬಿಸಿ ಹೇಗಿರುತ್ತದೆ, ಲ್ಯಾಬಿನಲ್ಲಿ ಎಷ್ಟು ಹೊತ್ತು ನಿಂತಿರಬೇಕು ಎಂಬುದನ್ನು ಕಣ್ಣಾರೆ ಕಂಡು ಆಮೇಲೆ ತೀರ್ಮಾನಿಸಲಿ.

ಮನಸ್ಸಿನ ವಿಷಯಕ್ಕೆ ಟೆಲಿಮನಸ್ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಉಚಿತ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಇದೇ ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಕೇಂದ್ರಗಳಲ್ಲಿವೆ. ಓದು, ಕೆಲಸ, ಪ್ರೀತಿ, ಮನೆಯ ಜಗಳ, ಯಾವ ವಿಷಯವನ್ನಾದರೂ ಅಲ್ಲಿ ಮಾತಾಡಬಹುದು. ದೇಹದ ಬೆಳವಣಿಗೆ, ಮುಟ್ಟು, ರಕ್ತಹೀನತೆ ಮೊದಲಾದವಕ್ಕೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್.

ಹಳ್ಳಿಯಲ್ಲಿ ಇನ್ನೊಂದು ಜಾಗವಿದೆ. ಯಾರೂ ಇದನ್ನು ಮಕ್ಕಳ ರಕ್ಷಣೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಮನೆಯಲ್ಲಿ ಕುಡಿದು ಬಂದವರ ಗಲಾಟೆ ಇರುವ ಹುಡುಗನಿಗೆ ಸಂಜೆ ಎರಡು ಗಂಟೆ ಕೂರಲು ಬೆಳಕಿರುವ ಒಂದು ಜಾಗ, ಹೆಸರು ಹಿಡಿದು ಕರೆಯುವ ಒಬ್ಬ ಗ್ರಂಥಪಾಲಕರು. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ನನಗಂತೂ ಬೇರೆ ಕಾಣದು.

ನೀವು ಜೊತೆಯಾಗಬೇಕೆಂದಿದ್ದರೆ

ಹುಟ್ಟುಹಬ್ಬದ ದಿನ ಬಾಲಮಂದಿರಕ್ಕೆ ಹೋಗಿ ಕೇಕ್ ಕತ್ತರಿಸಿ, ಫೋಟೊ ತೆಗೆದು ಬರುವವರ ಒಳ್ಳೆಯ ಮನಸ್ಸನ್ನು ನಾನು ಅನುಮಾನಿಸುವುದಿಲ್ಲ. ಮಕ್ಕಳಿಗೆ ಬೇಕಾಗಿರುವುದು ಮಾತ್ರ ಅದಲ್ಲ. ವಾರಕ್ಕೆ ಒಂದು ಗಂಟೆ, ಒಂದೇ ಮಗುವಿನ ಜೊತೆ, ಕನಿಷ್ಠ ಒಂದು ವರ್ಷ ಬರಲು ಆಗುತ್ತದೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಆಗದಿದ್ದರೆ ಗಣಿತದ ಟ್ಯೂಷನ್‌ಗೋ ಬಸ್ ಪಾಸಿಗೋ ಹಣ ಕೊಡಿ, ಅದೂ ದೊಡ್ಡ ಉಪಕಾರ. ಆಗುವುದಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅನುಮತಿ ಪಡೆದೇ ಹೋಗಿ. ಹಿನ್ನೆಲೆ ವಿಚಾರಣೆ ಮಾಡುತ್ತಾರೆ, ಮಗುವನ್ನು ಒಂಟಿಯಾಗಿ ಹೊರಗೆ ಕರೆದೊಯ್ಯಬಾರದು ಎನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ವಿಚಾರಿಸದೆ ಒಳಗೆ ಬಿಡುವ ಸಂಸ್ಥೆಯೇ ಅಪಾಯ. ಮೊದಲ ಕೆಲವು ವಾರ ಮಗು ಮಾತಾಡದೆ ಕೂರಬಹುದು, ನಿಮ್ಮನ್ನು ಕೆಣಕಬಹುದು. ಇವರೂ ಬಿಟ್ಟುಹೋಗುತ್ತಾರಾ ಎಂದು ಪರೀಕ್ಷಿಸುವ ರೀತಿ ಅದು.

ಕೊನೆಯದಾಗಿ, ಅರ್ಜಿ ಕೊಟ್ಟೂ ಏನೂ ಆಗದಿದ್ದರೆ? ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. "ಬಜೆಟ್ ಇಲ್ಲ", "ಕೋಟಾ ಮುಗಿದಿದೆ" ಎಂದು ಬಾಯಲ್ಲಿ ಹೇಳಿದರೆ ಬರಹದಲ್ಲಿ ಕೊಡಿ ಎಂದು ವಿನಯದಿಂದ ಕೇಳಿ. ಪ್ರಾಯೋಜಕತ್ವ, ಫಾಸ್ಟರ್ ಕೇರ್, ಆಫ್ಟರ್ ಕೇರ್ ಕುರಿತು ಮಕ್ಕಳ ಕಲ್ಯಾಣ ಸಮಿತಿ ಕೊಟ್ಟ ಆದೇಶ ಸರಿಯಿಲ್ಲ ಎನಿಸಿದರೆ 30 ದಿನದೊಳಗೆ ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ ಹಾಕಬಹುದು. ಸಮಿತಿಯ ಕೆಲಸದ ಬಗ್ಗೆಯೇ ದೂರಿದ್ದರೂ ಅದನ್ನು ಕೇಳಬೇಕಾದವರು ಅವರೇ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಮೊಹರು ಬಿದ್ದ ಆ ಪ್ರತಿಯ ಜೆರಾಕ್ಸ್ ಲಗತ್ತಿಸಿ ಕಳಿಸಿ. ಮೂಲಪ್ರತಿ ಮಾತ್ರ ನಿಮ್ಮ ಹತ್ತಿರವೇ ಇರಲಿ.